ಗೋಡೆ ಮೇಲಿನ ಅತ್ತೆಯನ್ನು ಇಳಿಸಿದವಳು

ಸುಮನಾ, ನಿನ್ನ ಧಾರಾವಾಹಿಯನ್ನು ನಿಲ್ಲಿಸಿದ್ದು ಜನರಲ್ಲ. ನಾನು.

ಇಷ್ಟು ಬರೆಯಲು ಬೆಳಗಿನಿಂದ ಮೂರು ಕಾಗದ ಹರಿದಿದ್ದೇನೆ. ಅಕ್ಷರ ಸರಿಬರಲಿಲ್ಲವೆಂದು ಹರಿದೆ ಎಂದು ಬೇರೆ ಯಾರಿಗಾದರೂ ಹೇಳಬಹುದು. ನಿನಗೆ ಹೇಳಲಾರೆ. ಭಾನುವಾರ ನೀನು ಬರುತ್ತೀಯ. "ಟೀಚರ್, ಆ ಅಭಿಪ್ರಾಯದ ಪುಸ್ತಕ ಉಂಟಲ್ಲ, ಅದು ಬೇಕಿತ್ತು. ಪುನಃ ಬರೀಲಿಕ್ಕೆ ಕೂತಿದ್ದೇನೆ. ಜನರಿಗೆ ಎಂತ ಇಷ್ಟ ಆಗ್ಲಿಲ್ಲ ಅಂತ ನೋಡಿ ತಿದ್ದಿಕೊಳ್ತೇನೆ" ಎಂದು ಫೋನಿನಲ್ಲಿ ಹೇಳಿದಾಗ ನಾನು 'ಶ್ಯೂರ್, ಶ್ಯೂರ್' ಎಂದೆ. ಫೋನ್ ಇಟ್ಟ ಮೇಲೆ ಕಪಾಟಿನಿಂದ ಆ ಪುಸ್ತಕವನ್ನು ಹೊರಗೆ ತೆಗೆದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ — ನನ್ನ ಗುಣ ನನಗೆ ಗೊತ್ತು.

ಪುತ್ತೂರಿನ ಕೇಬಲ್ ಚಾನೆಲ್‌ನಲ್ಲಿ ನಿನ್ನ 'ಗೋಡೆ ಮೇಲಿನ ಅತ್ತೆ' ಬಂದದ್ದು ಐದೇ ಐದು ಗುರುವಾರ. ಸತ್ತ ಅತ್ತೆಯೊಬ್ಬಳು ಹಾರ ಹಾಕಿಸಿಕೊಂಡು ಫೋಟೋದೊಳಗೆ ಕುಳಿತು, ಮನೆಯವರ ನಾಟಕವನ್ನೆಲ್ಲ ನೋಡಿ ಟೀಕೆ ಮಾಡುವ ಕಥೆ. ಸಾವಿನ ಮನೆಯ ಮೇಲೆ ಅಷ್ಟು ಡಾರ್ಕ್ ಕಾಮೆಡಿ ನಮ್ಮ ಕಡೆ ಯಾರೂ ಬರೆದಿರಲಿಲ್ಲ. ಅತ್ತೆಗೆ ಒಂದು ಫೋಟೋ ಬೇಕಿತ್ತು. ಬದುಕಿದ್ದವರ ಫೋಟೋಕ್ಕೆ ಹಾರ ಹಾಕಬಾರದೆಂದು ಸುಳ್ಯದ ನಿನ್ನ ಮನೆಯವರು ಯಾರೂ ಕೊಡಲಿಲ್ಲ. ತೀರಿಹೋದವರ ಫೋಟೋ ತಂದು ತಮಾಷೆ ಮಾಡುವ ಧೈರ್ಯ ನಿನಗೂ ಇರಲಿಲ್ಲ. ಆಗ ನಾನೇ ಅಲ್ಲವೇ, "ನಾನ್ಸೆನ್ಸ್! ನನ್ನದನ್ನು ತೆಗೆದುಕೊಂಡು ಹೋಗು" ಎಂದು ರಿಟೈರ್‌ಮೆಂಟಿನ ದಿನ ತೆಗೆಸಿದ ಫೋಟೋವನ್ನು ಗೋಡೆಯಿಂದ ಇಳಿಸಿ ಕೊಟ್ಟವಳು? 'ಒನ್ಲಿ ದ ಇಗ್ನೊರೆಂಟ್ ಆರ್ ಅಫ್ರೈಡ್, ಗರ್ಲ್ಸ್' — ಹೆದರುವವರು ತಿಳಿಗೇಡಿಗಳು ಮಾತ್ರ ಎಂದು ಕಾನ್ವೆಂಟಿನಲ್ಲಿ ನಮ್ಮ ಮದರ್ ಹೇಳುತ್ತಿದ್ದ ಮಾತು. ಅದನ್ನೇ ಮೂವತ್ತು ವರ್ಷ ನಿಮಗೆಲ್ಲ ಹೇಳಿಕೊಟ್ಟವಳು ನಾನು.

ಮೊದಲ ಗುರುವಾರ ಸಂಜೆ ಟಿವಿಯಲ್ಲಿ ನನ್ನನ್ನು ನೋಡಿದೆ. ಹಣೆಗೆ ಕುಂಕುಮ, ಕೊರಳಿಗೆ ಗಂಧದ ಚಕ್ಕೆಯ ಹಾರ, ಎದುರಿಗೆ ಮಿಣಮಿಣ ಎನ್ನುವ ಸಣ್ಣ ಕೆಂಪು ಬಲ್ಬು. ನಾನು ನಕ್ಕೆ. ನಿಜವಾಗಿ ನಕ್ಕೆ ಸುಮನಾ. ಮರುದಿನ ಮೀನು ಮಾರುವ ಗಿರಿಜಾ ಗೇಟಿನ ಹತ್ತಿರ ಬುಟ್ಟಿ ಇಳಿಸಿದವಳೇ, "ಅಯ್ಯೋ ಟೀಚರೆ, ನಿನ್ನೆ ನೀವು ಸತ್ತಿದ್ದೀರಿ! ಇವತ್ತು ಬಂಗುಡೆ ಬೇಕಾ, ಬೇಡವಾ?" ಎಂದು ಕೇಳಿದಳು. ಅದಕ್ಕೂ ನಕ್ಕೆ.

ವೀಕ್ಷಕರ ಅಭಿಪ್ರಾಯಕ್ಕೆಂದು ಟಿವಿಯಲ್ಲಿ ಕೊಟ್ಟದ್ದು ನನ್ನ ವಾಟ್ಸಾಪ್ ನಂಬರ್. ಬಂದದ್ದನ್ನು ಪುಸ್ತಕಕ್ಕೆ ಇಳಿಸಿ, ಶನಿವಾರ ಚಾನೆಲ್ ಮಾಲಕರ ಎದುರು ಓದಿ ಹೇಳುವುದು ನನ್ನ ಕೆಲಸ. ಅವರು ಫೋನ್ ಮುಟ್ಟಿಯೂ ನೋಡುತ್ತಿರಲಿಲ್ಲ. "ಟೀಚರ್ ಓದಿದ್ರೆ ಮುಗೀತು, ಅವರು ಸುಳ್ಳು ಹೇಳುವ ಜನ ಅಲ್ಲ" ಎನ್ನುತ್ತಿದ್ದರು. ಮೊದಲ ಎರಡು ವಾರ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಕಾಣಿಯೂರಿನ ಒಬ್ಬರು ಬೈದಿದ್ದರು — "ಸೂತಕದ ಮನೆಯಲ್ಲಿ ನಗುದಾ? ನಾಳೆ ನಿಮ್ಮ ಮನೆಯಲ್ಲಿ ಆಗುವಾಗ ಗೊತ್ತಾಗ್ತದೆ." ಅದನ್ನೂ ಓದಿದೆ. ಕಡಬದ ಒಬ್ಬಳು ಸೊಸೆ ಬರೆದಿದ್ದಳು — "ಇದನ್ನು ನೋಡಿ ನಮ್ಮ ಅತ್ತೆ, ನಾನು ಹೋದ ಮೇಲೆ ಫೋಟೋ ಅಡುಗೆಕೋಣೆಯಲ್ಲೇ ಹಾಕಿ ಅಂತ ಹೇಳಿದ್ದಾರೆ. ಇನ್ನು ನಾನು ಸಾಯುದೊಂದೇ ಬಾಕಿ." ನೀನು ಬಾಯಿಗೆ ಸೆರಗು ಹಿಡಿದು ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರನೆಯ ವಾರ ಸ್ನಾನ ಮಾಡುವಾಗ ನನ್ನ ಎಡಗೈ ಕಂಕುಳಿನ ಕೆಳಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ಡಾಕ್ಟರಮ್ಮ ಒತ್ತಿ ನೋಡಿ, "ಹೆದರುದು ಬೇಡ ಟೀಚರ್, ಒಂದು ಸಣ್ಣ ಟೆಸ್ಟ್ ಮಾಡುವ" ಎಂದರು. ಹೆದರುವುದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಯಾರಿಗೆ ತಾನೇ —

ಆ ಗುರುವಾರ ಟಿವಿ ಹಾಕಿದೆ. ನಿನ್ನ ಅತ್ತೆ, ಎಂದರೆ ಫೋಟೋದಲ್ಲಿದ್ದ ನಾನು, ಗೋಡೆಯ ಮೇಲಿನಿಂದ ಹೇಳುತ್ತಿದ್ದಳು: "ನನ್ನ ಪಕ್ಕದಲ್ಲಿ ಒಂದು ಮೊಳೆ ಖಾಲಿ ಉಂಟು. ಯಾರು ಬರ್ತೀರಿ ಬೇಗ ಹೇಳಿ ಮಾರಾಯ್ರೆ." ಮನೆಮನೆಯಲ್ಲಿ ಜನ ನಕ್ಕಿರಬೇಕು. ನಾನು ಕಂಕುಳಿನ ಗಂಟನ್ನು ಮುಟ್ಟಿ ನೋಡಿಕೊಂಡೆ. ಕೆಂಪು ಬಲ್ಬು ನನ್ನ ಮುಖದ ಮೇಲೆ ಹೊತ್ತುತ್ತಿತ್ತು, ಆರುತ್ತಿತ್ತು. ಬದುಕಿದ್ದವಳ ಫೋಟೋಕ್ಕೆ ಹಾರ ಹಾಕಿಸಿಕೊಂಡೆನಲ್ಲ, ಅದಕ್ಕೇ ಇದು ಬಂತು — ಹೌದು, ನಾನು, ಬಿ.ಎ. ಬಿ.ಎಡ್. ಮಾಡಿದವಳು, ಹಾಗೆಯೇ ಯೋಚಿಸಿದೆ. ಈಗಲೂ ಅದು ತಪ್ಪೆಂದು ನನ್ನ ಬುದ್ಧಿ ಹೇಳುತ್ತದೆ. ನನ್ನ ಮೈ ಒಪ್ಪುವುದಿಲ್ಲ.

ನಿನಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. 'ಸುಮನಾ, ಭಯ ಆಗ್ತದೆ, ಆ ಫೋಟೋ ತೆಗೆ' ಎಂದು. ಬೇರೆ ಫೋಟೋ ಹಾಕುತ್ತಿದ್ದೆ ನೀನು, ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಆದರೆ ಹಾಗೆ ಹೇಳಲು ನಿನ್ನ ಮುಂದೆ ನಾನು ಇಗ್ನೊರೆಂಟ್ ಆಗಬೇಕಿತ್ತು. ಅಷ್ಟು ಸಣ್ಣ ನಾಚಿಕೆ ಅದು. ಅದನ್ನು ತಪ್ಪಿಸಲು ಇಷ್ಟು ದೊಡ್ಡದನ್ನು ಮಾಡಿದೆ.

ಆ ಶನಿವಾರ ಒಳ್ಳೆಯ ಅಭಿಪ್ರಾಯಗಳನ್ನು ಪುಸ್ತಕಕ್ಕೆ ಇಳಿಸಲೇ ಇಲ್ಲ. ಮುಂದಿನ ವಾರ ಕೆಟ್ಟದ್ದನ್ನು ನಾನೇ ಹುಟ್ಟಿಸಿದೆ. ಮಗು ಹೆದರಿ ಊಟ ಬಿಟ್ಟಿದೆ ಎಂದ ಸುಳ್ಯದ ತಾಯಿ — ಅಂಥ ತಾಯಿ ಇರಲಿಲ್ಲ. ಚಾನೆಲನ್ನೇ ತೆಗೆಸುತ್ತೇವೆ ಎಂದ ಹನ್ನೆರಡು ಮನೆಯವರು — ಒಂದು ಮನೆಯೂ ಇರಲಿಲ್ಲ. ಬೇರೆ ಬೇರೆ ಜನ ಮಾತಾಡಿದ ಹಾಗೆ ಕೇಳಲೆಂದು ಸ್ವರ ಬದಲಿಸಿ ಓದಿದೆ. ಸ್ಕೂಲ್ ಡೇಗೆ ನಿಮಗೆ ಕಲಿಸಿದ ಡ್ರಾಮಾ!

ಐದನೆಯ ಶನಿವಾರ ಮಾಲಕರು ಕೇಳಿದರು: "ಕೊನೆಗೆ ಎಂತ ಹೇಳುದು ಟೀಚರ್? ಇಡುದಾ, ನಿಲ್ಲಿಸುದಾ?" ನೀನು ನನ್ನ ಪಕ್ಕದಲ್ಲಿ, ಆರನೆಯ ಕಂತಿನ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ನಾನು ಪುಸ್ತಕ ಮುಚ್ಚಿ ಹೇಳಿದೆ:

"ಜನರಿಗೆ ಬೇಡ."

ಮರುವಾರ ಫೋಟೋ ವಾಪಸು ಕೊಡಲು ಬಂದೆ ನೀನು. ಗಾಜಿನ ಮೇಲೆ ಕುಂಕುಮದ ಕಲೆ ಉಳಿದಿತ್ತು. ಅದನ್ನು ಸೆರಗಿನಿಂದ ಒರೆಸುತ್ತ, "ಸಾರಿ ಟೀಚರ್, ನನ್ನಿಂದಾಗಿ ನಿಮ್ಮ ಹೆಸರೂ ಹಾಳಾಯ್ತು" ಎಂದೆ. ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ, ಸುಮನಾ. ನಾನು ಚಹಾ ಮಾಡಿ ಕೊಟ್ಟೆ.

ಅದಾದ ಮೇಲೆ ಗಂಟಿನ ಟೆಸ್ಟಿನ ರಿಪೋರ್ಟ್ ಬಂತು. ಬರೀ ಕೊಬ್ಬಿನ ಗಂಟು, ಏನೂ ಇಲ್ಲ. ಅವತ್ತೇ ಮಾಲಕರ ಹತ್ತಿರ ಹೋಗಿ ನಿಜ ಹೇಳಬಹುದಿತ್ತು. ಆರನೆಯ ಕಂತು ನಿನ್ನಲ್ಲೇ ಇತ್ತು. ಹೋಗಲಿಲ್ಲ. ಆಟೋ ಮಾಡಿಕೊಂಡು ನೆಟ್ಟಗೆ ಮನೆಗೆ ಬಂದೆ. ನೀನು ಸುಳ್ಯದಲ್ಲಿ ಬ್ಲೌಸ್ ಹೊಲಿಯಲು ಕುಳಿತೆ ಎಂದು ಯಾರೋ ಹೇಳಿದರು. 'ಒಳ್ಳೆಯದಾಯಿತು, ಸ್ಟೆಡಿ ಕೆಲಸ' ಎಂದೆ — ಎಂತಹ ಬಾಯಿ ನನ್ನದು.

ಇನ್ನೊಂದು ಉಂಟು. ಇದನ್ನು ಬರೆಯದೆ ಬಿಡೋಣ ಎಂದು ಮನಸ್ಸು ಈಗಲೂ —

ಗುಂಡ್ಯದಲ್ಲಿ ಹೈವೇ ಬದಿಗೆ ಚಹಾದ ಹೋಟೆಲು ನಡೆಸುವ ಯಮುನಾ ಎಂಬವಳು ಆ ಮೂರನೆಯ ವಾರವೇ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು. ಹಿಂದಿನಿಂದ ಲಾರಿಗಳ ಸದ್ದು. "ಟೀಚರೆ, ನಮ್ಮವರು ಹಾಸಿಗೆ ಹಿಡಿದು ಆರು ತಿಂಗಳಾಯ್ತು. ಇನ್ನು ಹೆಚ್ಚು ದಿನ ಇಲ್ಲ ಅಂತ ಅವರಿಗೂ ಗೊತ್ತುಂಟು, ನನಗೂ ಗೊತ್ತುಂಟು. ಆದರೆ ಬಾಯಿ ಬಿಡುದು ಯಾರು? ಮೊನ್ನೆ ಆ ಅತ್ತೆ ಹೇಳಿದ್ರಲ್ಲ, 'ನನ್ನ ಉತ್ತರಕ್ರಿಯೆಯ ಪಾಯಸಕ್ಕೆ ಸಕ್ಕರೆ ಹಾಕ್ಲಿಕ್ಕೆ ಇವರಿಗೆ ಎಂತ ದಾಡಿ, ಇನ್ನು ನಂಗೆ ಶುಗರ್ ಉಂಟಾ' ಅಂತ, ಇವರು ನಕ್ಕದ್ದೇ ನಕ್ಕದ್ದು. ಮತ್ತೆ ನನ್ನ ಕೈ ಹಿಡ್ಕೊಂಡು, 'ಯಮುನಾ, ನನ್ನದಕ್ಕೆ ಎರಡು ಬಗೆ ಪಾಯಸ ಮಾಡು ಆಯ್ತಾ' ಅಂದ್ರು. ಅಲ್ಲಿಂದ ನಾವಿಬ್ಬರು ಎಲ್ಲ ಮಾತಾಡ್ತೇವೆ ಟೀಚರೆ. ಬರೆದವರಿಗೆ ಹೇಳಿ."

ಬರೆದವಳಿಗೆ ನಾನು ಹೇಳಲಿಲ್ಲ.

ಧಾರಾವಾಹಿ ನಿಂತ ಮೇಲಿನ ಗುರುವಾರ ಅವಳು ಪುನಃ ಮೆಸೇಜ್ ಮಾಡಿ ಕೇಳಿದಳು: "ಇವತ್ತು ಬರ್ಲಿಲ್ಲ ಟೀಚರೆ. ಇವರು ಕಾಯ್ತಾ ಇದ್ದಾರೆ. ಮುಂದಿನ ವಾರ ಉಂಟಲ್ವಾ?" ನಾನು 'ಉಂಟು' ಎಂದು ಬರೆದೆ. ಅದರ ಮುಂದಿನ ವಾರವೂ ಕೇಳಿದಳು, ಪುನಃ 'ಉಂಟು' ಎಂದು ಬರೆದೆ. ಆಮೇಲೆ ಒಂದು ಮೆಸೇಜ್ ಬಂತು: "ಅವರು ಹೋದ್ರು ಟೀಚರೆ. ಸೋಮವಾರ ಊಟ. ಎರಡು ಬಗೆ ಪಾಯಸ ಮಾಡಿಸ್ತಾ ಇದ್ದೇನೆ. ನೀವೂ, ಬರೆದವರೂ ಬರಬೇಕು."

ನಿನ್ನನ್ನೂ ಕರೆದಿದ್ದಳು. ನಿನಗೆ ತಿಳಿಸಲಿಲ್ಲ. ನಾನೂ ಹೋಗಲಿಲ್ಲ.

ನನ್ನ ಸಾವಿಗೆ ಹೆದರಿ, ಸಾಯುತ್ತಿದ್ದ ಒಬ್ಬ ಮನುಷ್ಯನ ನಗುವನ್ನು ಕಸಿದುಕೊಂಡೆ. ಇದಕ್ಕೆ ನನ್ನ ಇಂಗ್ಲಿಷಿನಲ್ಲೂ ಹಗುರವಾದ ಶಬ್ದ ಸಿಗಲಿಲ್ಲ. ಹುಡುಕಿದ್ದೇನೆ.

ಈಗ ನನಗೆ ಗಂಟಿನ ಭಯವಿಲ್ಲ, ಹಾರದ ಭಯವೂ ಅಷ್ಟಿಲ್ಲ. ಭಯ ಇರುವುದು ಭಾನುವಾರದ್ದು — ನೀನು ಚಪ್ಪಲಿ ಬಿಟ್ಟು ಒಳಗೆ ಬಂದು 'ಟೀಚರ್' ಎಂದು ಕರೆಯುತ್ತೀಯಲ್ಲ, ಇದನ್ನು ಓದಿದ ಮೇಲೆ ಹಾಗೆ ಕರೆಯಲಿಕ್ಕಿಲ್ಲ. ಈ ಕಾಗದವನ್ನು ಪುಸ್ತಕದ ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಪುಸ್ತಕದಲ್ಲಿರುವ ಸುಳ್ಳುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ನಿಜವಾದ ಅಭಿಪ್ರಾಯಗಳು ಹಳೆಯ ಫೋನಿನಲ್ಲಿವೆ. ಅದನ್ನು ಚಾರ್ಜಿಗೆ ಇಟ್ಟಿದ್ದೇನೆ. ಯಮುನಾಳ ನಂಬರ್ ಅದರಲ್ಲೇ ಉಂಟು, ಅವಳಿಗೆ ಹೇಳಬೇಕಾದ್ದನ್ನು ನಿನ್ನ ಎದುರೇ ಹೇಳುತ್ತೇನೆ.

ಮೊದಲು ನೀನು ಆ ಮೆಸೇಜುಗಳನ್ನೆಲ್ಲ ಕೇಳು, ಒಂದೊಂದಾಗಿ, ಜೋರಾಗಿ ಇಟ್ಟು. ಜನ ನಕ್ಕದ್ದು ಕೇಳಿಸುತ್ತದೆ. ನಾನು ಅಡುಗೆಮನೆಗೆ ಹೋಗುವುದಿಲ್ಲ, ಚಹಾ ಮಾಡುವ ನೆಪ ತೆಗೆಯುವುದಿಲ್ಲ. ನಿನ್ನ ಎದುರು ಕುಳಿತಿರುತ್ತೇನೆ. ತುಂಬ ಹೆದರಿಕೆಯಾಗುತ್ತದೆ ಸುಮನಾ. ಕುಳಿತಿರುತ್ತೇನೆ.