ತೊಳುವಿನೊಳಗೆ ತೊಟ್ಟ ಅಂಗಿ

ಆ ದಿನ ದೇವರ ದನಗಳ ದೊಡ್ಡಿಯೊಳಗೆ, ಆ ತೊಳುವಿನೊಳಗೆ, ಸೂಜಿ ಮುಟ್ಟಿದ ಬಟ್ಟೆ ತೊಟ್ಟು ನಿಂತಿದ್ದವನು ನಾನು, ಮಾಮ. ನಿಮ್ಮ ತಲೆಗೆ ಕಟ್ಟಿದ ಮೈಲಿಗೆ ನನ್ನದು. ಹೆಗಲಿನ ತುಂಡುಬಟ್ಟೆಯನ್ನು ಮೈತುಂಬ ಹೊದ್ದಿದ್ದೆ; ಅದರ ಕೆಳಗೆ, ಬೆವರಿಗೆ ಬೆನ್ನಿಗಂಟಿಕೊಂಡು, ಉತ್ತಮಪಾಳಯದಲ್ಲಿ ಹೊಲಿಸಿದ ನನ್ನ ಅಂಗಿ ಇತ್ತು. ಏಳು ವರ್ಷ ಈ ಮಾತನ್ನು ನುಂಗಿಕೊಂಡೇ ಬಂದೆ. ಇನ್ನು ಆಗುವುದಿಲ್ಲ.

ಆದರೆ ಮೊದಲೇ ಹೇಳಿಬಿಡುತ್ತೇನೆ — ಅಂಗಿಗಾಗಿ ನಾನು ಕ್ಷಮೆ ಕೇಳುವವನಲ್ಲ. ಊರಿನ ಹಿರಿಯರೆಲ್ಲ ಸಾಲಾಗಿ ಕೂತು ಕೇಳಿದರೂ ಇಲ್ಲ. ಅಕ್ಕನ ಮಗನೆಂದು ಎತ್ತಿ ಆಡಿಸಿದ ನೀವೇ ಕೇಳಿದರೂ ಇಲ್ಲ. ನಾನು ಕೇಳಬೇಕಾದ ಕ್ಷಮೆ ಬೇರೆ ಇದೆ, ಅದು ಇದಕ್ಕಿಂತ ಕೆಟ್ಟದ್ದು.

ನಮ್ಮ ಗಂಡಸರಿಗೆ ಉಡುವುದಕ್ಕೆ ಏನಿತ್ತು ಹೇಳಿ? ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ತುಂಡು. ಉಳ್ಳವನಿಗೆ ಅಂಚು ಅಗಲ, ಇಲ್ಲದವನಿಗೆ ಅಂಚೇ ಇಲ್ಲ. ಅಷ್ಟೇ ವ್ಯತ್ಯಾಸ. ಬೆಟ್ಟದ ಮೇಲೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ನಾನು ಕೂಲಿಯವರಿಗೆ ರಾಗಿ ಮೂಟೆ ಹೊತ್ತ ಗಾಡಿ ಹೊಡೆಯುತ್ತಿದ್ದೆನಲ್ಲ, ಅಲ್ಲಿ ಮೇಸ್ತ್ರಿಯೊಬ್ಬನ ಕರಿ ಕೋಟು ಕಂಡು ಮರುಳಾದೆ. ಅವನು ಹಳತಾಯಿತೆಂದು ಬಿಸಾಕಿದ್ದನ್ನು ಬೇಡಿ ತಂದು, ನಡುಬೇಸಿಗೆಯಲ್ಲಿ ತೊಟ್ಟು ಊರೊಳಗೆ ಬಂದೆ. ನೀವು ಜಗಲಿಯಿಂದಲೇ ಕೂಗಿದಿರಿ, "ಏನ್ಡಾ, ನೀ ಕರಡಿ ಹಿಡ್ಕಂಡ್ ಬಂದ್ಯಾ, ಕರಡಿಯೇ ನಿನ್ನ ಹಿಡ್ಕಂಡ್ ಬಂತಾ?" ಊರೆಲ್ಲ ನಕ್ಕಿತು. ನನಗೆ ಮೈ ಉರಿಯಿತು — ಆದರೆ ನೀವು ಹೇಳಿದ್ದು ಸರಿಯಾಗಿತ್ತು. ಆ ಕೋಟಿನೊಳಗೆ ನಾನಿರಲಿಲ್ಲ, ಮೇಸ್ತ್ರಿಯೇ ಇದ್ದ.

ಉತ್ತಮಪಾಳಯದಲ್ಲಿ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದ ಮುದುಕ ಸಾಯಬರ ಹತ್ತಿರ ಹೋದೆ. "ಯಾರ ಅಂಗಿಯ ಹಾಗೆ ಬೇಕು?" ಎಂದು ಕೇಳಿದರು. ಬಂದವರೆಲ್ಲ ಯಾರದೋ ಹೆಸರು ಹೇಳುತ್ತಿದ್ದರಂತೆ. ಯಾರ ಹಾಗೂ ಬೇಡ ಎಂದೆ. ಅವರು ಸೂಜಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎರಡು ಅಂಗಿ ಕೆಟ್ಟವು. ನನ್ನ ಕುತ್ತಿಗೆ ಗಿಡ್ಡ, ಕಾಲರು ಇಟ್ಟರೆ ತಲೆ ನೇರವಾಗಿ ಭುಜದ ಮೇಲೆ ಕೂತಂತೆ ಕಾಣುತ್ತದೆ — ಅದು ಮೊದಲನೆಯದರಲ್ಲಿ ಗೊತ್ತಾಯಿತು. ಅಚ್ಚಬಿಳಿ ಬಟ್ಟೆ ನನ್ನ ಕರಿ ಮೈಯ ಮೇಲೆ ಎರವಲು ತಂದ ಹಾಗಿರುತ್ತದೆ — ಅದು ಎರಡನೆಯದರಲ್ಲಿ. ಮೂರನೆಯದು ಕೈಮಗ್ಗದ ಬಟ್ಟೆ, ನೂಲಿನ ಸ್ವಂತ ಬಣ್ಣ, ಕೂದಲೆಳೆಯಷ್ಟು ತೆಳುವಾದ ನೀಲಿ ಗೆರೆ. ಕಾಲರಿಲ್ಲ. ತೋಳು ಮೊಣಕೈಗೇ ಮುಗಿಯಿತು, ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂರಲು ಪಕ್ಕದಲ್ಲಿ ಸೀಳು, ಎದೆಗೆ ಮೂರೇ ಗುಂಡಿ. ಅದನ್ನು ತೊಟ್ಟು ಕಾಲುವೆಯ ನೀರಿನಲ್ಲಿ ನೋಡಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ನನ್ನ ಹಾಗೆ ಕಂಡೆ. ಆ ಸಂತೋಷವನ್ನು ಪಾಪವೆಂದು ಒಪ್ಪಿಕೋ ಎಂದರೆ — ಇಲ್ಲ, ಮಾಮ, ಇಲ್ಲ.

ಅದೇ ವಾರ ದೇವರ ದನಗಳ ಪಟ್ಟದ ಹೋರಿ ಸತ್ತಿತು. ಹಿಂಡನ್ನು ಕಾಯುವ ಹಕ್ಕು ನಿಮ್ಮ ಅಜ್ಜನ ಕಾಲದಿಂದ ನಿಮ್ಮ ಮನೆಯದು. ಹೊಸ ಹೋರಿಯನ್ನು ನಾವು ಆರಿಸುವುದಿಲ್ಲ, ದೇವರು ಆರಿಸುತ್ತಾನೆ: ಹಿಂಡನ್ನು ತೊಳುವಿನೊಳಗೆ ಬಿಟ್ಟು, ಎದುರಿಗೆ ಕಬ್ಬಿನ ಕಟ್ಟು ಇಟ್ಟು ಕಾಯುವುದು, ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಒಳಗೆ ಕೆರ ಮೆಟ್ಟಬಾರದು, ಹೊಲಿದ ಬಟ್ಟೆ ತೊಡಬಾರದು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಗೊತ್ತಿದ್ದೂ ತೊಟ್ಟೆ. ಹನುಮಂತನಪಟ್ಟಿ, ಮಾರ್ಕಯನ್‌ಕೋಟ್ಟೈ, ಈ ತಮಿಳು ಸೀಮೆಯ ಎಲ್ಲ ಕಡೆಯಿಂದ ನಮ್ಮ ಕುಲದವರು ಬರುವ ದಿನ. ಪೂಜೆ ಮುಗಿದ ಕೂಡಲೇ ತುಂಡು ಸರಿಸಿ ಎಲ್ಲರ ಮುಂದೆ ನಡೆದುಹೋಗಬೇಕೆಂಬ ಚಪಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಕೆಂದ ಹೋರಿಯೊಂದು ನಾಲ್ಕು ಹೆಜ್ಜೆ ಬಂತು. ಕಬ್ಬನ್ನು ಮೂಸಿತು. ತಿರುಗಿ ಹೋಯಿತು. ಆಮೇಲೆ ಒಂದೂ ಬರಲಿಲ್ಲ. ಹೊತ್ತು ನೆತ್ತಿಗೇರಿ ಇಳಿಯಿತು, ಕಬ್ಬಿನ ಗರಿ ಬಾಡಿತು. ಹಿರಿಯ ಗೌಡರು ಎದ್ದು, "ಯಾರೋ ಕಟ್ಟು ಮುರಿದವ್ರೆ. ಈಗ್ಲೇ ಒಪ್ಕಂಡ್ ಬುಡ್ರಿ" ಎಂದರು. ನಾನು ತುಂಡನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ. ಹಿಂದಿನಿಂದ ಒಬ್ಬ, "ಕಾಯೋರೇ ಕೆರ ಮೆಟ್ಟೋ ಕಾಲ ಅಲ್ಲವಾ ಇದು" ಎಂದ. ಬೆಟ್ಟದ ಮುಳ್ಳಿಗೆ ಹೆದರಿ ನೀವು ಆಗಷ್ಟೇ ಕೆರ ಹೊಲಿಸಿಕೊಂಡಿದ್ದಿರಿ, ಅದು ಎಲ್ಲರಿಗೂ ತಿಳಿದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಿಂಡಿನ ಜೊತೆ ಒಳಗೆ ಹೋದವರೂ ನೀವೇ, ಆಗ ನಿಮ್ಮ ಕಾಲಲ್ಲಿ ಏನೂ ಇರಲಿಲ್ಲವೆನ್ನಲು ಯಾರೂ ಮುಂದೆ ಬರಲಿಲ್ಲ. ನೀವು ಇಲ್ಲ ಎಂದಿರಿ. ಹಿಂಡಿನ ಮೇಲೆ ಆಣೆ ಇಟ್ಟಿರಿ. ಯಾರು ಕೇಳುತ್ತಾರೆ? ದೇವರೇ ಮುಖ ತಿರುಗಿಸಿದ ಮೇಲೆ ಯಾರದಾದರೂ ತಪ್ಪು ಇರಲೇಬೇಕಲ್ಲ. ಸಂಜೆಯೊಳಗೆ ಹಿಂಡು ಬೇರೆ ಮನೆಗೆ ಹೋಯಿತು.

ನಾನು ಬಾಯಿ ಬಿಟ್ಟಿದ್ದರೆ? ಎಲ್ಲರ ಮುಂದೆ ಅಂಗಿ ಬಿಚ್ಚಿಸುತ್ತಿದ್ದರು, ಸುಡುತ್ತಿದ್ದರು, ಇನ್ನೆಂದೂ ತೊಡುವುದಿಲ್ಲವೆಂದು ಆಣೆ ಹಾಕಿಸುತ್ತಿದ್ದರು. ಒಂದು ಅಂಗಿ ಉಳಿಸಿಕೊಳ್ಳಲು ನಿಮ್ಮನ್ನು ಕೊಟ್ಟುಬಿಟ್ಟೆ.

ಇನ್ನೂ ಇದೆ. ತಿಂಗಳು ಕಳೆದು ಮತ್ತೆ ಕಬ್ಬು ಇಟ್ಟರು. ಆ ದಿನವೂ ನಾನು ಅದೇ ಅಂಗಿ ತೊಟ್ಟೇ ಒಳಗೆ ನಿಂತೆ — ಬೇಕೆಂದೇ. ನನಗೆ ತಿಳಿಯಬೇಕಾಗಿತ್ತು. ಅದೇ ಕೆಂದ ಹೋರಿ ನೇರವಾಗಿ ಬಂದು ಕಬ್ಬು ಕಡಿಯಿತು. ಊರು ಕೇಕೆ ಹಾಕಿತು, ಕಾಯುವವನು ಬದಲಾದದ್ದೇ ಸರಿಯಾಯಿತು ಎಂದಿತು. ಹೋರಿಗೆ ನನ್ನ ಅಂಗಿಯೂ ಲೆಕ್ಕಕ್ಕಿರಲಿಲ್ಲ, ಯಾರ ಕೆರವೂ ಲೆಕ್ಕಕ್ಕಿರಲಿಲ್ಲ. ಮೊದಲ ದಿನ ಅದಕ್ಕೆ ಹಸಿವಿರಲಿಲ್ಲ. ಇದನ್ನು ಕಣ್ಣಾರೆ ಕಂಡವನು ಊರಿಗೆಲ್ಲ ನಾನೊಬ್ಬನೇ. ಆಗಲೂ ಹೇಳಲಿಲ್ಲ. ಮೊದಲ ದಿನದ ಮೌನ ಹೆದರಿಕೆಯದು ಎನ್ನಬಹುದು. ಎರಡನೆಯ ದಿನದ್ದು... ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನೀವು ಅತ್ತೆಯನ್ನು ಕರೆದುಕೊಂಡು ದಿಂಡಿಗಲ್ಲಿಗೆ ಹೋದಿರಿ. ತೊಗಲು ಹದ ಮಾಡುವ ಮಂಡಿಯಲ್ಲಿ ಕೆಲಸ ಎಂದು ಕೇಳಿದೆ, ನಂಬಲಿಲ್ಲ. ಹೋದ ತಿಂಗಳು ಬಂದು ನೋಡಿದೆ. ದೇವರ ದನಗಳ ಹೆಸರು ಹಿಡಿದು ಕರೆಯುತ್ತಿದ್ದವರು ಸುಣ್ಣದ ಗುಂಡಿಯಲ್ಲಿ ನಿಂತು ತೊಗಲು ತುಳಿಯುತ್ತಿದ್ದಿರಿ, ಬರಿಗಾಲಿನಲ್ಲಿ. ಬೆರಳ ಸಂದುಗಳು ಬೆಂದು ಬಿಳಿಚಿದ್ದವು. ಹೊರಗೆ ಬಂದ ಮೇಲೂ ಕಾಲಿಗೆ ಏನೂ ಮೆಟ್ಟಲಿಲ್ಲ. ಯಾಕೆ ಎಂದೆ. ನೀವು ನನ್ನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಸಟ್ಟೆ ನಿನಿಗೆ ಬೋ ಚೆಂದಾಗದೆ ಡಾ" ಎಂದಿರಿ. ಆಮೇಲೆ, ಎಲ್ಲೋ ನೋಡುತ್ತಾ — "ಆವತ್ತು ನಾನೇ ಮರ್ತು ಕೆರ ಮೆಟ್ಕಂಡ್ ಒಳಿಕೆ ಹೋಗಿದ್ನೋ ಏನೋ. ಈಗೀಗ ಹಂಗೇ ಗ್ಯಾಪ್ಕ ಬತ್ತದೆ."

ಮಾಮ, ಊರು ನಿಮ್ಮ ಹಕ್ಕು ಕಿತ್ತುಕೊಂಡಿತು. ಆದರೆ ನಿಮ್ಮ ನೆನಪನ್ನೇ ನಿಮ್ಮಿಂದ ಕಿತ್ತವನು ನಾನು. ಆ ಸುಣ್ಣದ ವಾಸನೆಯ ಅಂಗಳದಲ್ಲಿ ನಿಂತು ಆಗಲೂ ಬಾಯಿ ಬಿಡದೆ ಗಾಡಿ ಹತ್ತಿದೆನಲ್ಲ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ತಿಂಗಳ ಕೊನೆಗೆ ನಮ್ಮವರ ಕೂಟ ಸೇರುತ್ತದೆ. ಅವರೆದುರು ನಾನು ಅಂಗಿ ತೊಟ್ಟೇ ನಿಲ್ಲುತ್ತೇನೆ. ಎರಡು ದಿನದ ಕಥೆಯನ್ನೂ ಹೇಳುತ್ತೇನೆ. ಕುಲದಿಂದ ಹೊರಗಿಡುವುದಾದರೆ ಇಡಲಿ, ನೀರು ಬೆಂಕಿ ನಿಲ್ಲಿಸುವುದಾದರೆ ನಿಲ್ಲಿಸಲಿ. ಅಂಗಿ ಬಿಚ್ಚು ಎಂದರೆ ಬಿಚ್ಚುವುದಿಲ್ಲ. ನಿಮ್ಮ ಹೆಸರು ತೊಳೆಯದೆ ಅಲ್ಲಿಂದ ಏಳುವುದೂ ಇಲ್ಲ. ನೀವು ನನ್ನನ್ನು ಕ್ಷಮಿಸಬೇಕಿಲ್ಲ. ಈಗ ಹೇಳುವುದೊಂದನ್ನು ಮಾತ್ರ ನಂಬಿ, ಸಾಕು.

ಆ ಬೆಳಿಗ್ಗೆ ತೊಳುವಿಗೆ ನಿಮ್ಮ ಬೆನ್ನಿಗೇ ಬಂದವನು ನಾನು. ಅಂಗಿ ಯಾರಿಗಾದರೂ ಕಂಡೀತೆಂದು ತಲೆ ತಗ್ಗಿಸಿ, ನಿಮ್ಮ ಕಾಲನ್ನೇ ನೋಡುತ್ತಾ ಒಳಗೆ ನಡೆದೆ. ಬರಿಗಾಲು, ಮಾಮ. ನಿಮ್ಮದು ಬರಿಗಾಲೇ ಆಗಿತ್ತು.