ಗಿರಿಜಕ್ಕ ತಿರುಗಿಸದ ಪ್ಲೇಟು

ಗ್ರಾಮಫೋನಿಗೆ ಕೀ ಕೊಡುವಾಗ ಗಿರಿಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ಜಗಳಕ್ಕೆ ನಿಂತವರ ಹಾಗೆ. ಕಳಸದ ಆಚೆ, ನಮ್ಮ ತೋಟದ ಬೇಲಿಗೆ ಅಂಟಿಕೊಂಡೇ ಅವರ ತೋಟ. ತೊಂಬತ್ತರ ದಶಕದಲ್ಲಿ ಎಲ್ಲರ ಮನೆಯಲ್ಲೂ ಟೀವಿ ಕೂಗುತ್ತಿದ್ದರೆ, ಇವರ ಜಗಲಿಯಿಂದ ಮಾತ್ರ ಮೆಕ್ಸಿಕೋದ ಹಾಡು ತೇಲಿ ಬರುತ್ತಿತ್ತು. ಬೆಳಿಗ್ಗೆ ಕಣದಲ್ಲಿ ಕಾಫಿ ಹರವುವಾಗ ಅದು ಮಂಜಿನೊಳಗೇ ಹುಟ್ಟಿದಂತೆ ಕೇಳಿಸುತ್ತಿತ್ತು. ಅವರು ಹೋಗಿ ಎಷ್ಟೋ ಕಾಲವಾದರೂ ನನ್ನ ಕಿವಿ ಈಗಲೂ ಆ ಕಡೆಗೇ ಹೋಗುತ್ತದೆ.

ತೋಟ ಮಾರಿ ಹೋದ ಬಿಳಿ ದೊರೆ ಬಿಟ್ಟುಹೋದ ಗ್ರಾಮಫೋನ್ ಪ್ಲೇಟಿನ ಹಾಡು ಅದು. ಮೊದಲು ಮೆಕ್ಸಿಕೋದ ಕಾಫಿ ತೋಟದಲ್ಲಿದ್ದ ಅವನು ಹಾಡಿನ ಕತೆಯನ್ನೂ ಗಿರಿಜಕ್ಕನ ಮಾವನಿಗೆ ಹೇಳಿದ್ದನಂತೆ. ಸರ್ಕಾರಕ್ಕೆ ತಿರುಗಿಬಿದ್ದವನೊಬ್ಬ ಕುದುರೆ ಹತ್ತಿ ಬೆಟ್ಟ ಸೇರುತ್ತಾನೆ. ಅಲ್ಲಿಗೆ ಒಂದು ಮಗ್ಗುಲು ಮುಗಿಯುತ್ತದೆ. ಇನ್ನೊಂದು ಮಗ್ಗುಲಲ್ಲಿ ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಗಿರಿಜಕ್ಕ ಆ ಮಗ್ಗುಲನ್ನು ಹಾಕಿದವರೇ ಅಲ್ಲ. ಮುಳ್ಳು ಎತ್ತಿಟ್ಟು, "ಕಾಫಿ ಕುಡಿ ಮಾರಾಯ, ಅವ್ನು ಬೆಟ್ಟದಲ್ಲಿ ಆರಾಮಾಗಿದಾನೆ" ಎನ್ನುತ್ತಿದ್ದರು.

ಕಾರಣ ಊರಿಗೇ ಗೊತ್ತಿತ್ತು. ಅವರ ತಮ್ಮ ಚಂದ್ರ ತನ್ನ ತೋಟದ ಬೀಟೆ ಮರ ಕಡಿಸಿದ್ದ. ನಮ್ಮಲ್ಲಿ ತೋಟ ಬೆಳೆಗಾರನದಾದರೂ ಬೀಟೆ ಸರ್ಕಾರದ್ದು. ಫಾರೆಸ್ಟಿನವರು ಬಂದ ದಿನ ಹಿತ್ತಲಿನಿಂದ ಕಾಡಿಗಿಳಿದವನು ಮತ್ತೆ ಬರಲಿಲ್ಲ. "ಅಜ್ಜನ ಕಾಲದಿಂದ ಕಾಯ್ದ ಮರ ಕಡ್ದಿದ್ದಕ್ಕೆ ಕಳ್ಳ ಆಗ್ತಾನಾ?" ಎಂದು ಗಿರಿಜಕ್ಕ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಒಮ್ಮೆ ನಾನು ಸಲುಗೆಯಿಂದ ಪ್ಲೇಟು ತಿರುಗಿಸಲು ಹೋದಾಗ ಕೈಮೇಲೆ ಪಟ್ಟನೆ ಹೊಡೆದರು.

"ಕೈ ತೆಗಿ! ಅವ್ನನ್ನ ಕೊಲ್ಲೋಕೆ ನೀನ್ಯಾರು?"

ಆಮೇಲೆ ತಾವೇ ನಕ್ಕು, ಇನ್ನೆರಡು ಕಡುಬು ಬಡಿಸಿದರು.

ಎಷ್ಟೋ ವರ್ಷದ ಮೇಲೆ ಕೇರಳದ ಕಡೆಯಿಂದ ಸುದ್ದಿ ಬಂತು. ಚಂದ್ರ ಅಲ್ಲೊಂದು ಏಲಕ್ಕಿ ತೋಟದಲ್ಲಿ ಮೇಸ್ತ್ರಿಯಾಗಿದ್ದನಂತೆ. ಜ್ವರ ಬಂದು ತೀರಿಕೊಂಡು ಆಗಲೇ ಮೂರು ಮಳೆಗಾಲ ಕಳೆದಿತ್ತು. ನಾನು ಹೋದಾಗ ಗಿರಿಜಕ್ಕ ಅಳುತ್ತಿರಲಿಲ್ಲ. ಪ್ಲೇಟು ಮಡಿಲಲ್ಲಿತ್ತು.

"ತಿರುಗಿಸಿ ಹಾಕು ಮಾರಾಯ. ನನ್ನ ಕೈಲಿ ಆಗಲ್ಲ."

ಹಾಕಿದೆ. ಗುಂಡಿನ ಸದ್ದಿರಲಿ, ಒಂದು ಬಿಕ್ಕೂ ಇರಲಿಲ್ಲ. ಅದೇ ಗಿಟಾರು, ಅದೇ ರಾಗ, ಅದೇ ತಣ್ಣನೆಯ ದನಿ. ಮುಳ್ಳು ಕೊನೆಗೆ ಬಂದು ಗರಗರ ಎನ್ನತೊಡಗಿತು.

"ಹಾಡಲ್ಲಿ ಅವ್ನು ಎಲ್ಲಿ ಸತ್ತ?" ಎಂದರು.

ನಾನು ಮುಳ್ಳು ಎತ್ತಿಟ್ಟೆ. "ಗೊತ್ತಾಗ್ಲಿಲ್ಲ ಅಕ್ಕ."

"ಚಂದ್ರ ಸತ್ತ ಮೇಲೂ ಮೂರು ವರ್ಷ ಅವ್ನು ಬೆಟ್ಟದಲ್ಲಿದಾನೆ ಅಂತ ಇಲ್ಲೇ ಕೂತಿದ್ದೆ," ಎಂದರು ಗಿರಿಜಕ್ಕ. "ನಂಗೂ ಗೊತ್ತೇ ಆಗ್ಲಿಲ್ಲ."