ಸೂಜಿ ಕೊಡದ ಸಿಸ್ಟರ್
ಎದೆಗೂಡಿನೊಳಗೆ ಊದಿಕೊಂಡ ದುಗ್ಧರಸ ಗ್ರಂಥಿಯಿಂದ (ಲಿಂಫ್ ಗಂಟಿನಿಂದ) ಪರೀಕ್ಷೆಗೆಂದು ಚೂರು ತೆಗೆಯುವ ಸೂಜಿಯ ಪೊಟ್ಟಣ ಯಾವಾಗಲೂ ಹಿರಿಯ ಸಿಸ್ಟರ್ ಮುಷ್ಟಿಯಲ್ಲೇ ಇರುತ್ತದೆ. ಗ್ರಂಥಿ ಯಾವುದು, ಪಕ್ಕದಲ್ಲೇ ಕೆಂಪಾಗಿ ಮಿನುಗುವ ರಕ್ತನಾಳ ಯಾವುದು ಎಂದು ಡಾಕ್ಟರು ಸ್ಕ್ಯಾನ್ ಪರದೆಯತ್ತ ಬೆರಳು ಮಾಡಿ ಬಾಯಿಬಿಟ್ಟು ಹೇಳುವ ತನಕ, ಸಾಕ್ಷಾತ್ ಯಮನೇ ಬಂದು ಕೇಳಿದರೂ ಅದನ್ನು ಬಿಚ್ಚುವವರಲ್ಲ. ಆತುರದ ಡಾಕ್ಟರುಗಳೆಲ್ಲ ಅವರ ಮುಂದೆ ಮಗ್ಗಿ ಒಪ್ಪಿಸುವ ಮಕ್ಕಳು. ಹೊಸದಾಗಿ ಬಂದ ಮುಖ್ಯ ಡಾಕ್ಟರು ಮಾತ್ರ ಮೊನ್ನೆ ರೇಗಿದರು: "ಇಪ್ಪತ್ತು ವರ್ಷದ ಅನುಭವ ಕಣ್ರೀ ನಂದು! ಕೊಡ್ತೀರೋ, ವರ್ಗ ಮಾಡಿಸ್ಲೋ?" "ಮಾಡಿಸಿ. ಅನುಭವ ನಿಮ್ದು, ಎದೆ ಮಲಗಿರೋರ್ದು. ಮೊದ್ಲು ತೋರ್ಸಿ." ಸದಾ ಕತ್ತಿನವರೆಗೆ ಗುಂಡಿ ಹಾಕುವ ಸಿಸ್ಟರ್ ಅಂದು ಮೇಲಿನದೊಂದನ್ನು ಬಿಚ್ಚಿದರು. ಕೊರಳ ಕೆಳಗಿಂದ ಎದೆಗಿಳಿದ ಹಳೆಯ ಹೊಲಿಗೆಯ ಗುರುತು ಕಂಡಿತು. "ನಂಗೆ ಪರದೆ ನೋಡ್ದೆ ಅಂದಾಜಲ್ಲಿ ಚುಚ್ಚಿ, ರಕ್ತನಾಳಕ್ಕೇ ತಗುಲ್ಸಿದ್ರು; ಎದೆ ತೆರೆದು ಹೊಲೀಬೇಕಾಯ್ತು. ಅವರ್ದೂ ಇಪ್ಪತ್ತು ವರ್ಷದ ಅನುಭವಾನೇ, ಡಾಕ್ಟ್ರೇ."